ಸೀಸರನ ಶವದ ಮುಂದೆ ನಿಂತ ತರಗತಿ

ಶೇಕ್ಸ್‌ಪಿಯರ್ ಪಾಠವನ್ನು ಅವನ ಹುಟ್ಟೂರಿನಿಂದ ಆರಂಭಿಸಬೇಡಿ. ಬೋರ್ಡಿನ ಮೇಲೆ 1564 ಎಂದು ಬರೆದು, ಸ್ಟ್ರ್ಯಾಟ್‌ಫರ್ಡ್, ಕೈಗವಸು ಹೊಲಿಯುತ್ತಿದ್ದ ತಂದೆ, ದುಃಖಾಂತ ನಾಟಕಗಳೆಷ್ಟು, ಸುಖಾಂತಗಳೆಷ್ಟು ಎಂದು ಹೇಳುತ್ತ ಹೋದರೆ ಕೊನೆಯ ಬೆಂಚಿನವರೆಗೂ ಪೆನ್ನುಗಳು ಓಡುತ್ತವೆ, ಆದರೆ ಒಂದು ಮುಖವೂ ಅರಳುವುದಿಲ್ಲ. ತುಮಕೂರು ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಮೊದಲ ಐದಾರು ವರ್ಷ ಹಾಗೆಯೇ ಕಲಿಸಿದೆ. ಆಮೇಲೆ ಒಂದು ವರ್ಷ ಪಠ್ಯಪುಸ್ತಕ ಬರುವುದು ತಡವಾಯಿತು. ನನ್ನ ಬಳಿಯಿದ್ದ ಒಂದೇ ಪ್ರತಿಯಿಂದ ಒಂದು ದೃಶ್ಯವನ್ನು ಬಿಡಿ ಹಾಳೆಗಳಲ್ಲಿ ಬರೆದು ಹಂಚಬೇಕಾಯಿತು. ಆಗ ತರಗತಿಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಬೇರೆ ರೀತಿಯಲ್ಲಿ ಕಲಿಸಲು ನನಗೆ ಮನಸ್ಸೇ ಬರಲಿಲ್ಲ. ಆ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರಿಗೆ ಇದು ಒದಗಬಹುದು. ಹಾಸ್ಟೆಲಿನ ಕೋಣೆಯಲ್ಲಿ ತಾವೇ ಓದಿಕೊಳ್ಳುವ ಏಳೆಂಟು ಗೆಳೆಯರೂ ಇದನ್ನು ಮಾಡಬಹುದು.

ನಾಟಕ 'ಜೂಲಿಯಸ್ ಸೀಸರ್'. ಮೂರನೆಯ ಅಂಕದ ಎರಡು ಮತ್ತು ಮೂರನೆಯ ದೃಶ್ಯಗಳು ಸಾಕು. ಬೇಕಾದ ಸಮಯ ಒಂದೂವರೆ ಗಂಟೆ, ಅಂದರೆ ಬೆನ್ನುಬೆನ್ನಿಗೆ ಎರಡು ಅವಧಿ. ಅದಕ್ಕೂ ಮೊದಲು ಹತ್ತೇ ನಿಮಿಷದಲ್ಲಿ ಕಥೆ ಹೇಳಿ: ಸೀಸರನು ರಾಜನಾಗಿಬಿಡುತ್ತಾನೆ ಎಂಬ ಭಯದಿಂದ ಬ್ರೂಟಸ್, ಕ್ಯಾಶಿಯಸ್ ಮತ್ತು ಅವರ ಸಂಗಡಿಗರು ಅವನನ್ನು ಇರಿದು ಕೊಂದಿದ್ದಾರೆ, ಈಗ ಜನರ ಮುಂದೆ ಕಾರಣ ಹೇಳಬೇಕಾಗಿದೆ, ಸೀಸರನ ಆಪ್ತ ಆಂಟನಿಗೂ ಮಾತನಾಡಲು ಅವಕಾಶ ಸಿಕ್ಕಿದೆ. ಇಷ್ಟಕ್ಕೆ ನಿಲ್ಲಿಸಿ. ಮುಂದೇನಾಗುತ್ತದೆ ಎಂದು ಹೇಳಬೇಡಿ.

ಇನ್ನು ಹಾಳೆಗಳು. ಇಡೀ ದೃಶ್ಯವನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಕೊಡಬೇಡಿ. ಶೇಕ್ಸ್‌ಪಿಯರ್‌ನ ಕಾಲದ ನಟರಿಗೂ ಇಡೀ ನಾಟಕ ಸಿಗುತ್ತಿರಲಿಲ್ಲ. ತನ್ನ ಮಾತುಗಳು, ಪ್ರತಿ ಮಾತಿಗೂ ಮುಂಚೆ ಎದುರಿನವನು ಆಡುವ ಕೊನೆಯ ಎರಡು ಮೂರು ಪದಗಳು, ಇಷ್ಟನ್ನೇ ಬರೆದ ಕಾಗದದ ಸುರುಳಿ ಅವನ ಕೈಗೆ ಬರುತ್ತಿತ್ತು. ಪಾತ್ರಕ್ಕೆ ಇಂಗ್ಲಿಷಿನಲ್ಲಿ ರೋಲ್ ಎಂಬ ಹೆಸರು ಬಂದದ್ದು ಇಂಥ ಸುರುಳಿಯಿಂದಲೇ. ಎದುರಿನವನು ಏನು ಹೇಳಲಿದ್ದಾನೆ ಎಂದು ತಿಳಿಯದ ಕಾರಣ ನಟನು ಕಿವಿಗೊಟ್ಟು ಕೇಳಲೇಬೇಕಾಗಿತ್ತು. ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ಕೇಳಲಿ.

ಬ್ರೂಟಸ್‌ಗೆ ಒಬ್ಬರು, ಆಂಟನಿಗೆ ಒಬ್ಬರು. ಇವರಿಬ್ಬರಿಗೂ ಮೂರು ದಿನ ಮೊದಲೇ ಹಾಳೆ ಕೊಟ್ಟು, ಯಾರಿಗೂ ತೋರಿಸಬಾರದೆಂದು ಹೇಳಿ. ಉಳಿದವರೆಲ್ಲ ರೋಮಿನ ಜನ. ಆ ಜನಕ್ಕೆ ಶೇಕ್ಸ್‌ಪಿಯರ್ ಹೆಸರಿಟ್ಟಿಲ್ಲ. ಮೊದಲನೆಯವನು, ಎರಡನೆಯವನು, ಮೂರನೆಯವನು, ನಾಲ್ಕನೆಯವನು, ಅಷ್ಟೇ. ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬೊಬ್ಬನ ಮಾತು ಹಂಚಿ. ಇಂಗ್ಲಿಷ್ ಸಾಲಿನ ಕೆಳಗೆ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆದಿರಿ. ಮೊದಲ ಸುತ್ತನ್ನು ಕನ್ನಡದಲ್ಲೇ ಆಡಿಸಿದರೂ ತಪ್ಪಿಲ್ಲ. ಹಳೆಯ ಇಂಗ್ಲಿಷನ್ನು ಇಂದಿನ ಸಪ್ಪೆ ಇಂಗ್ಲಿಷಿಗೆ ಇಳಿಸಿದ ಗೈಡ್ ಪುಸ್ತಕಕ್ಕಿಂತ ಬಿಸಿಯಾದ ಕನ್ನಡ ಎಷ್ಟೋ ಮೇಲು ಎಂದು ನನ್ನ ಅನುಭವ ಹೇಳುತ್ತದೆ.

ಬೆಂಚುಗಳನ್ನು ಗೋಡೆಗೆ ಸರಿಸಿ ಎಲ್ಲರನ್ನೂ ನಿಲ್ಲಿಸಿ. ನಿಲ್ಲಿಸುವುದಕ್ಕೆ ಕಾರಣವಿದೆ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟವರು ರಂಗದ ಸುತ್ತಲಿನ ತೆರೆದ ಅಂಗಳದಲ್ಲಿ ನಿಂತೇ ನಾಟಕ ನೋಡುತ್ತಿದ್ದರು. ಆಟ ನಡೆಯುತ್ತಿದ್ದದ್ದು ಹಗಲು ಬೆಳಕಿನಲ್ಲಿ. ಆಂಟನಿಯ ಪಾತ್ರಧಾರಿಗೆ ಅವರ ಮುಖಗಳು ಕಾಣುತ್ತಿದ್ದವು. ಅವನು 'ರೋಮನರೇ' ಎಂದು ಕರೆದಾಗ ಎದುರಿಗಿದ್ದದ್ದು ನಿಜವಾದ ಒಂದು ಜನಸಂದಣಿ. ಮೇಜಿನ ಮೇಲೆ ಒಂದು ಬೆಡ್‌ಶೀಟ್ ಹೊದಿಸಿ. ಅದೇ ಸೀಸರನ ಶವ.

ಬ್ರೂಟಸ್ ಮೊದಲು ಮಾತನಾಡುತ್ತಾನೆ, ಗದ್ಯದಲ್ಲಿ. ಸೀಸರನ ಮೇಲೆ ಪ್ರೀತಿ ಕಡಿಮೆಯಿತ್ತೆಂದಲ್ಲ, ರೋಮಿನ ಮೇಲೆ ಪ್ರೀತಿ ಹೆಚ್ಚಿತ್ತು ಎನ್ನುತ್ತಾನೆ. ಜನ ಜಯಕಾರ ಹಾಕುತ್ತಾರೆ. ಆಗ ಮೂರನೆಯ ಗುಂಪಿನ ಹಾಳೆಯಲ್ಲಿ ಒಂದು ಚಿಕ್ಕ ಸಾಲು ಬರುತ್ತದೆ: 'ಇವನೇ ಸೀಸರ್ ಆಗಲಿ.' ಅಲ್ಲಿ ಆಟ ನಿಲ್ಲಿಸಿ, ಆ ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ. ವಿವರಣೆ ಕೊಡಬೇಡಿ. ಒಬ್ಬನೇ ಒಡೆಯನಾಗಬಾರದೆಂದು ಕೊಲೆ ಮಾಡಿದವನನ್ನೇ ಒಡೆಯನಾಗು ಎನ್ನುತ್ತಿದ್ದೇವಲ್ಲ ಎಂದು ಯಾರಿಗಾದರೂ ಹೊಳೆಯುವವರೆಗೆ ಕಾಯಿರಿ. ಪ್ರತಿ ವರ್ಷವೂ ಯಾರಿಗಾದರೂ ಹೊಳೆದಿದೆ.

ಈಗ ಆಂಟನಿ. ಅವನು ಆರಂಭಿಸುವ ಮೊದಲು ಎಲ್ಲರ ಕೈಗೂ ಒಂದು ಖಾಲಿ ಚೀಟಿ ಕೊಡಿ. ಕೇಳುತ್ತಿರುವಾಗ ಯಾವ ಮಾತಿಗೆ ತಮ್ಮ ಮನಸ್ಸು ತಿರುಗಿತೋ ಆ ಮಾತನ್ನು ಅದರಲ್ಲಿ ಬರೆದುಕೊಳ್ಳಬೇಕು. ಈ ಪಾಠದ ಜೀವವೇ ಈ ಚೀಟಿ.

ಆಂಟನಿ ಆಡುವುದು ಪದ್ಯದಲ್ಲಿ, ನಾವು ಸರಳ ರಗಳೆ ಎನ್ನುವ ಬಗೆಯ ಪ್ರಾಸವಿಲ್ಲದ ಸಾಲುಗಳಲ್ಲಿ. ಸಾಲಿಗೆ ಸುಮಾರು ಹತ್ತು ಅಕ್ಷರ, ಐದು ಒತ್ತು. ಓದುವವರು ಎದೆಯ ಮೇಲೆ ಮೆಲ್ಲಗೆ ಕೈ ತಟ್ಟಿಕೊಂಡು ಅಭ್ಯಾಸ ಮಾಡಿದರೆ ಎರಡು ದಿನದಲ್ಲಿ ನಡಿಗೆ ಸಿಗುತ್ತದೆ. 'ಬ್ರೂಟಸ್ ಗೌರವಾನ್ವಿತ ವ್ಯಕ್ತಿ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ವ್ಯಂಗ್ಯವಾಗಿ ಹೇಳಲು ಎಲ್ಲರಿಗೂ ಆಸೆಯಾಗುತ್ತದೆ, ಹಾಗೆ ಹೇಳಲು ಬಿಡಬೇಡಿ. ಪ್ರತಿ ಸಲವೂ ಮೊದಲ ಸಲ ಹೇಳಿದಷ್ಟೇ ವಿನಯದಿಂದ ಹೇಳಲಿ. ದನಿ ಬದಲಾಗಬೇಕಾಗಿಲ್ಲ, ಕೇಳುವವರೇ ಬದಲಾಗುತ್ತಾರೆ. ನಡುವೆ ಸೀಸರನ ಉಯಿಲಿನ ಆಸೆ ತೋರಿಸಿ, ಓದುವುದಿಲ್ಲ ಎನ್ನುತ್ತಾನೆ. ತಾನು ಬ್ರೂಟಸ್‌ನಂತೆ ಮಾತುಗಾರನಲ್ಲ, ನೇರ ಮನುಷ್ಯ ಎನ್ನುತ್ತಾನೆ. ಕೊನೆಗೆ ಜನ 'ಸುಡಿ, ಕಡಿ, ಕೊಲ್ಲಿ' ಎಂದು ಎದ್ದು ಹೊರಟಾಗ, ನಿಲ್ಲಿ, ಉಯಿಲನ್ನೇ ಮರೆತಿರಲ್ಲ ಎಂದು ಅವನೇ ನೆನಪಿಸುತ್ತಾನೆ. ಒಬ್ಬೊಬ್ಬ ರೋಮನನಿಗೂ ಎಪ್ಪತ್ತೈದು ದ್ರಾಕ್ಮಾ ನಾಣ್ಯ!

ಜನ ಓಡಬೇಕು. ನಿಜವಾಗಿಯೂ ಓಡಿಸಿ, ಬಾಗಿಲಿನಿಂದ ಕಾರಿಡಾರಿಗೆ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿರಬೇಕು. ಆಂಟನಿ ಒಬ್ಬನೇ ಒಳಗೆ ಉಳಿದು, ಖಾಲಿ ಕೋಣೆಯಲ್ಲಿ ಈ ಸಾಲು ಹೇಳುತ್ತಾನೆ: 'ಇನ್ನು ಅದು ತನ್ನ ಕೆಲಸ ಮಾಡಲಿ. ಕೇಡೇ, ನೀನು ಎದ್ದಿದ್ದೀಯೆ, ಬೇಕಾದ ದಾರಿ ಹಿಡಿ.' ಹೊರಗೆ ಹೋದವರಿಗೆ ಅದು ಕೇಳಿಸುವುದಿಲ್ಲ. ಕೇಳಿಸಬಾರದು ಕೂಡ.

ಕಾರಿಡಾರಿನಲ್ಲಿ ಸಿನ್ನ ನಿಂತಿರುತ್ತಾನೆ. ಈ ಮೂರನೆಯ ದೃಶ್ಯ ಒಂದೇ ಪುಟದ್ದು, ಎಷ್ಟೋ ಪ್ರದರ್ಶನಗಳಲ್ಲಿ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಅವನೊಬ್ಬ ಕವಿ. ಜನ ಅವನನ್ನು ಸುತ್ತುವರಿದು ಹೆಸರೇನು, ಎಲ್ಲಿಗೆ ಹೊರಟೆ, ಮನೆ ಎಲ್ಲಿ, ಮದುವೆಯಾಗಿದೆಯೇ ಎಂದು ಕೇಳುತ್ತಾರೆ. ಹೆಸರು ಸಿನ್ನ ಎನ್ನುತ್ತಾನೆ. ಕೊಲೆಗಾರರಲ್ಲೂ ಒಬ್ಬ ಸಿನ್ನ ಇದ್ದಾನೆ. ನಾನು ಆ ಸಿನ್ನ ಅಲ್ಲ, ಕವಿ ಸಿನ್ನ ಎಂದು ಕೂಗಿಕೊಂಡರೆ, ಹಾಗಾದರೆ ಕೆಟ್ಟ ಪದ್ಯ ಬರೆದದ್ದಕ್ಕೆ ಹರಿದುಹಾಕಿ ಎನ್ನುತ್ತಾರೆ. ಇಲ್ಲಿ ಎರಡು ಎಚ್ಚರಿಕೆ: ಯಾರೂ ಯಾರ ಮೈಯನ್ನೂ ಮುಟ್ಟಕೂಡದು, ಎರಡು ಅಡಿ ದೂರದಲ್ಲಿ ವೃತ್ತವಾಗಿ ನಿಂತು ಮಾತಷ್ಟೇ ಆಡಬೇಕು. ತರಗತಿಯಲ್ಲಿ ಈಗಾಗಲೇ ಒಂಟಿಯಾಗಿರುವ, ಗೇಲಿಗೆ ಗುರಿಯಾಗುವ ಮಗುವಿಗೆ ಸಿನ್ನನ ಪಾತ್ರ ಕೊಡಬೇಡಿ. ಎಲ್ಲರೂ ಇಷ್ಟಪಡುವ, ಗಟ್ಟಿ ಮನಸ್ಸಿನವರಿಗೆ ಕೊಡಿ. ಆಟ ಮುಗಿದ ಮೇಲೆ ಸಿನ್ನನಾದವರನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಒಳಗೆ ಬಂದು ನೆಲದ ಮೇಲೆ ಕುಳಿತಾಗ ತಾನಾಗಿಯೇ ಮೌನ ಬರುತ್ತದೆ. ಆ ಮೌನವನ್ನು ಮುರಿಯುವ ಆತುರ ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಆ ವರ್ಷ ಈ ಪಾಠ ಮುಗಿದಾಗ ಹಿಂದಿನಿಂದ ಒಬ್ಬ ಹುಡುಗ ನಿಧಾನವಾಗಿ, 'ಮೇಡಂ, ಆ ಗುಂಪಿನಲ್ಲಿದ್ದವರಿಗೂ ಹೆಸರಿತ್ತಲ್ಲವೇ' ಎಂದ. ನಾನು ಉತ್ತರ ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ಆಮೇಲೆ ಚೀಟಿಗಳನ್ನು ತೆರೆಯಿರಿ. ಕೆಲವರ ಮನಸ್ಸು ಉಯಿಲಿಗೆ ತಿರುಗಿರುತ್ತದೆ, ಕೆಲವರದು ಆಂಟನಿಯ ಕಣ್ಣೀರಿಗೆ. ಬಹಳ ಮಂದಿ ಸೀಸರನ ಮೇಲಂಗಿಯ ಮಾತನ್ನು ಬರೆದಿರುತ್ತಾರೆ. ಸೀಸರ್ ಇದನ್ನು ಮೊದಲು ತೊಟ್ಟ ಬೇಸಿಗೆಯ ಸಂಜೆ ನನಗೆ ನೆನಪಿದೆ, ನರ್ವಿಯರೆಂಬ ಬುಡಕಟ್ಟಿನವರನ್ನು ಗೆದ್ದ ದಿನ, ಅವನ ಡೇರೆಯಲ್ಲಿ ಎನ್ನುತ್ತಾನೆ ಆಂಟನಿ. ಒಬ್ಬ ಹುಡುಗಿ ತೀರಿಕೊಂಡ ಅಜ್ಜನ ಶಾಲನ್ನು ಟ್ರಂಕಿನಲ್ಲಿ ಇಟ್ಟಿದ್ದೇವೆ ಎಂದು ಚೀಟಿಯ ಹಿಂದೆ ಬರೆದಿದ್ದಳು. ಅದನ್ನು ಓದಿ, ಗೌರವದಿಂದ ಓದಿ. ಅದಾದ ಮೇಲೆ ಎರಡು ಸಂಗತಿ ಹೇಳಿ. ನರ್ವಿಯರ ಯುದ್ಧ ನಡೆದದ್ದು ಕ್ರಿ.ಪೂ. 57ರಲ್ಲಿ, ಆಂಟನಿ ಸೀಸರನ ಸೈನ್ಯ ಸೇರಿದ್ದು ಕೆಲವು ವರ್ಷಗಳ ಅನಂತರ. ಇನ್ನು ಮೇಲಂಗಿಯ ತೂತುಗಳನ್ನು ಬೆರಳಿಟ್ಟು ತೋರಿಸುತ್ತ, ಇದು ಕ್ಯಾಶಿಯಸ್‌ನ ಬಾಕು, ಇದು ಬ್ರೂಟಸ್‌ನದು ಎನ್ನುತ್ತಾನಲ್ಲ, ಕೊಲೆಯ ಹೊತ್ತಿಗೆ ಟ್ರೆಬೋನಿಯಸ್ ಎಂಬವನು ಆಂಟನಿಯನ್ನು ಉಪಾಯವಾಗಿ ಆಚೆ ಕರೆದುಕೊಂಡು ಹೋಗಿದ್ದ. ಇದು ಹಿಂದಿನ ದೃಶ್ಯದಲ್ಲೇ ಇದೆ, ಹುಡುಕಿ ಓದಿಸಿ. ಯಾವ ತೂತು ಯಾರದೆಂದು ಅವನಿಗೆ ತಿಳಿದಿರಲು ಸಾಧ್ಯವೇ ಇಲ್ಲ. ಈ ಕ್ಷಣದಲ್ಲಿ ತರಗತಿಯ ಮುಖಗಳನ್ನು ನೋಡಬೇಕು ನೀವು. ಅತ್ತವರಿಗೆ ಸಿಟ್ಟು ಬರುತ್ತದೆ. ಆದರೆ ಅತ್ತದ್ದು ಸುಳ್ಳಲ್ಲ, ಆ ಅಜ್ಜನ ಶಾಲು ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದು ಕೂರುವುದನ್ನು ಕಲಿಸುವ ಇನ್ನೊಬ್ಬ ಬರಹಗಾರ ನನಗೆ ಸಿಕ್ಕಿಲ್ಲ.

ನಮ್ಮನ್ನು ಆಳಿದವರ ಕವಿಯನ್ನು ನಾವೇಕೆ ಓದಬೇಕು ಎಂದು ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಅದನ್ನು ಅಡಗಿಸಬೇಡಿ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಸನ್ನಿ ವೆಂಕಟರತ್ನಂ ಎಂಬ ಭಾರತೀಯ ಮೂಲದ ಕೈದಿ ಶೇಕ್ಸ್‌ಪಿಯರ್‌ನ ಸಮಗ್ರ ಕೃತಿಗೆ ದೀಪಾವಳಿ ಶುಭಾಶಯ ಪತ್ರಗಳ ದೇವರ ಚಿತ್ರ ಅಂಟಿಸಿ, ಧರ್ಮಗ್ರಂಥವೆಂದು ಕಾವಲುಗಾರರನ್ನು ನಂಬಿಸಿ ಉಳಿಸಿಕೊಂಡಿದ್ದರು. ಆ ಪುಸ್ತಕ ಕೈದಿಗಳ ನಡುವೆ ಓಡಾಡಿತು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ತಮಗೆ ಪ್ರಿಯವಾದ ಸಾಲಿನ ಪಕ್ಕ ಸಹಿ ಹಾಕಿದರು. ಹೇಡಿಗಳು ಸಾವಿಗೆ ಮುಂಚೆ ಎಷ್ಟೋ ಸಲ ಸಾಯುತ್ತಾರೆ ಎಂಬ ಆ ಸಾಲು ಇರುವುದು ಇದೇ ನಾಟಕದಲ್ಲಿ, ಸೀಸರನ ಬಾಯಲ್ಲಿ.

ಭಾಷೆ ಕಷ್ಟ ಎನ್ನುವವರಿಗೆ ಇನ್ನೊಂದು ದಾರಿಯಿದೆ, ಅದು ಕನ್ನಡಿಗರಿಗೆ ಸಲೀಸು. ಇಂದಿನ ಇಂಗ್ಲಿಷ್ ಕಳೆದುಕೊಂಡ ನೀನು–ನೀವು ಭೇದ ಅವನ ಕಾಲದಲ್ಲಿ ಜೀವಂತವಾಗಿತ್ತು: 'ದೌ' ಎಂದರೆ ನೀನು, 'ಯೂ' ಎಂದರೆ ನೀವು. 'ಹ್ಯಾಮ್ಲೆಟ್' ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ತಾಯಿ, 'ನೀನು ನಿನ್ನ ತಂದೆಯನ್ನು ನೋಯಿಸಿದ್ದೀಯೆ' ಎನ್ನುತ್ತಾಳೆ, ಮಲತಂದೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮಗ, 'ತಾಯಿ, ನೀವು ನನ್ನ ತಂದೆಯನ್ನು ನೋಯಿಸಿದ್ದೀರಿ' ಎನ್ನುತ್ತಾನೆ, ಸತ್ತವನನ್ನು ನೆನೆದು. ಮರುಮಾತಿನಲ್ಲಿ ತಾಯಿಯೂ 'ನೀವು' ಎಂದುಬಿಡುತ್ತಾಳೆ. ಮಗನಿಗೆ ಬಹುವಚನ ಹಚ್ಚಿದ ತಾಯಿಯ ಮನಸ್ಸು ಏನಾಗಿರಬೇಕೆಂದು ನಮ್ಮ ಹಳ್ಳಿಯ ಮಕ್ಕಳಿಗೆ ಟಿಪ್ಪಣಿ ಬೇಕಾಗಿಲ್ಲ.

ಇಷ್ಟಾದ ಮೇಲೆ, ಇದನ್ನು ಬರೆದವನು ಯಾರು ಎಂದು ಅವರೇ ಕೇಳುತ್ತಾರೆ. 1564, ಸ್ಟ್ರ್ಯಾಟ್‌ಫರ್ಡ್ ಎಲ್ಲ ಈಗ ಹೇಳಿ. 1599ರ ಸೆಪ್ಟೆಂಬರಿನಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಥೇಮ್ಸ್ ನದಿ ದಾಟಿ ಹೋಗಿ ಸೀಸರನ ನಾಟಕವೊಂದನ್ನು ನೋಡಿದ್ದನ್ನು ಬರೆದಿಟ್ಟಿದ್ದಾನೆ ಎಂದು ಹೇಳಿ. ನಾಟಕಕಾರ ಬದುಕಿರುವವರೆಗೂ ಇದು ಅಚ್ಚಾಗಲಿಲ್ಲ, ಜೊತೆಯ ನಟರಾದ ಹೆಮಿಂಗ್ಸ್ ಮತ್ತು ಕಾಂಡೆಲ್ 1623ರಲ್ಲಿ ಸೇರಿಸಿ ಅಚ್ಚು ಹಾಕಿಸದಿದ್ದರೆ ನಮಗೆ ಬಹುಶಃ ಸಿಗುತ್ತಲೇ ಇರಲಿಲ್ಲ ಎಂದೂ ಹೇಳಿ. ಆಗ ಅವರು ಬರೆದುಕೊಳ್ಳುವ ರೀತಿಯೇ ಬೇರೆ.

ಮರುದಿನಕ್ಕೆ ಒಂದೇ ಕೆಲಸ ಕೊಡಿ: ನಾಲ್ಕನೆಯ ಅಂಕದ ಮೊದಲ ದೃಶ್ಯ ಓದಿಕೊಂಡು ಬರುವುದು. ಐವತ್ತೇ ಸಾಲು. ಹಿಂದಿನ ದಿನ ಜನರ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ 'ಉಯಿಲು, ಉಯಿಲು' ಎಂದು ಕೂಗಿದವರ ಕೈಗೇ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಿ. ಗೆದ್ದ ಆಂಟನಿ ಸಂಗಡಿಗರೊಂದಿಗೆ ಕುಳಿತು, ಯಾರನ್ನು ಕೊಲ್ಲಿಸಬೇಕೆಂದು ಪಟ್ಟಿ ಮಾಡುತ್ತಿದ್ದಾನೆ. ನಡುವೆ ಅವರಲ್ಲೊಬ್ಬನಾದ ಲೆಪಿಡಸ್‌ನನ್ನು ಸೀಸರನ ಮನೆಗೆ ಕಳುಹಿಸುತ್ತಾನೆ. ಆ ಉಯಿಲನ್ನು ತೆಗೆದುಕೊಂಡು ಬಾ, ಜನರಿಗೆ ಕೊಡಬೇಕಾದದ್ದರಲ್ಲಿ ಎಷ್ಟು ಕಡಿತ ಮಾಡಬಹುದು ನೋಡೋಣ ಎನ್ನುತ್ತಾನೆ.