ಕೊದ್ದೆಲಿನ ನಾಲ್ಕು ಹೋಳು ಸಾಲದು: ಕ್ಯಾನ್ಸರ್ ಅಪಾಯ ತಗ್ಗಿಸಲು ದಿನಕ್ಕೆ ಅರ್ಧ ಕಿಲೋ ತರಕಾರಿ-ಹಣ್ಣು ತಿನ್ನುವುದು ಹೇಗೆ?

ಉಡುಪಿ, ಮಂಗಳೂರಿನ ಊಟದಲ್ಲಿ ತರಕಾರಿಗೆ ಕೊರತೆಯಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಸೌತೆಕಾಯಿ ಕೊದ್ದೆಲು (ಕಾಯಿ ಅರೆದು ಮಾಡುವ ಹುಳಿ), ಬಸಳೆ ಗಸಿ, ಗುಳ್ಳ ಬದನೆಯ ಬೋಳುಹುಳಿ, ತಿಮರೆ (ಒಂದೆಲಗ) ಚಟ್ನಿ ಎಂದು ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಒಂದು ಮಧ್ಯಾಹ್ನ ಬಟ್ಟಲಿನ ಕೊದ್ದೆಲಿನಿಂದ ಹೋಳುಗಳನ್ನಷ್ಟೇ ಎತ್ತಿ ತಕ್ಕಡಿಗೆ ಹಾಕಿ ನೋಡಿ. ನಾಲ್ಕು ಹೋಳು ಸಿಕ್ಕಿದರೆ ಪುಣ್ಯ. ಉಳಿದದ್ದೆಲ್ಲ ಕಾಯಿ, ಹುಳಿ, ನೀರು. ಮೀನು ಬೇಯಿಸಿದ ದಿನವಂತೂ ಎಷ್ಟೋ ಮನೆಗಳಲ್ಲಿ ತರಕಾರಿಗೆ ರಜೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪ್ರಮಾಣ ದಿನಕ್ಕೆ ತಲಾ 400 ಗ್ರಾಂ ಹಣ್ಣು-ತರಕಾರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಸೊಪ್ಪೂ ಸೇರಿ 400 ಗ್ರಾಂ ತರಕಾರಿ, ಜೊತೆಗೆ 100 ಗ್ರಾಂ ಹಣ್ಣು. ಇದು ಸಿಪ್ಪೆ, ಬೀಜ ತೆಗೆದ ಮೇಲಿನ ಹಸಿ ತೂಕ. ಬಟಾಟೆ, ಮರಗೆಣಸಿನಂಥ ಪಿಷ್ಟದ ಗೆಡ್ಡೆಗಳು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸೇರುವುದಿಲ್ಲ. ಸುವರ್ಣಗೆಡ್ಡೆ, ಬಾಳೆಕಾಯಿ, ಜೀಗುಜ್ಜೆ (ಬ್ರೆಡ್‌ಫ್ರೂಟ್) ಇವನ್ನೂ ಅನ್ನದ ಪಾಲಿಗೆ ಸೇರಿಸುವುದೇ ಸರಿ. ಜೀಗುಜ್ಜೆ ಪೋಡಿ (ಬಜ್ಜಿ) ರುಚಿಯೇನೋ ಹೌದು, ತರಕಾರಿಯ ಲೆಕ್ಕಕ್ಕೆ ಮಾತ್ರ ಬೇಡ.

ಎಷ್ಟು ಲಾಭ?

ಹಣ್ಣು-ತರಕಾರಿ ತಿಂದವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವ ರಕ್ಷಣೆ ಸಾಧಾರಣ ಮಟ್ಟದ್ದು, ಅದೂ ಎಲ್ಲ ಬಗೆಯ ಕ್ಯಾನ್ಸರಿಗೆ ಒಂದೇ ರೀತಿ ಅನ್ವಯಿಸುವುದಿಲ್ಲ. ನಾರಿನಂಶವಿರುವ ಆಹಾರಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಇರುವ ನಂಟಿಗೆ ಒಳ್ಳೆಯ ಪುರಾವೆಯಿದೆ. ಬಾಯಿ, ಗಂಟಲು, ಅನ್ನನಾಳದ ಮಟ್ಟಿಗೂ ತರಕಾರಿ-ಹಣ್ಣಿನಿಂದ ಒಂದಷ್ಟು ಅನುಕೂಲ ಇರುವಂತೆ ಕಾಣುತ್ತದೆ.

ಕೆಲಸ ನಡೆಯುವ ಬಗೆ ಹೀಗೆ. ನಾರು ದೊಡ್ಡ ಕರುಳಿಗೆ ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಮಲ ಬೇಗ ಸಾಗುವುದರಿಂದ ಹಾನಿಕಾರಕ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಸಮಯವೂ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟುವುದನ್ನು ಸಿ ವಿಟಮಿನ್ ತಡೆಯುತ್ತದೆ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ ಡಿಎನ್‌ಎ ಸರಿಯಾಗಿ ಕಟ್ಟಿಕೊಳ್ಳಲು ಬೇಕು. ಇದಲ್ಲದೆ ತರಕಾರಿ ಹೊಟ್ಟೆ ತುಂಬಿಸಿ ಅನ್ನವನ್ನು ಕಡಿಮೆ ಮಾಡುವುದರಿಂದ ದೇಹದ ತೂಕ ಹಿಡಿತದಲ್ಲಿರುತ್ತದೆ. ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ.

ತರಕಾರಿಯಲ್ಲಿರುವ ಸತ್ವವನ್ನು ಮಾತ್ರೆಯಾಗಿ ನುಂಗಿದರೆ ಆಗದೇ? ಆಗದು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಗಂಡಸು ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಕ್ಯಾರೆಟ್, ಸೊಪ್ಪಿನಲ್ಲಿರುವ ಸತ್ವ) ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕ್ಯಾರೆಟ್, ಹರಿವೆ ತಿನ್ನುವವರು ಇದಕ್ಕೆ ಹೆದರಬೇಕಾಗಿಲ್ಲ.

ಅಡಿಕೆಯ ತೋಟಗಳ ನಡುವೆ ಕುಳಿತು ಈ ಮಾತು ಹೇಳದಿದ್ದರೆ ಲೇಖನ ಅರ್ಧವಾದೀತು: ತಂಬಾಕು ಸೇರಿಸದ ಬರಿಯ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ತಂಬಾಕು, ಮದ್ಯ ಕೂಡ ಅದೇ ಗುಂಪಿನವು. ಕವಳ (ಎಲೆ-ಅಡಿಕೆ) ಜಗಿಯುತ್ತಾ ಬಸಳೆ ತಿಂದರೆ ಬಸಳೆ ಸೋಲುತ್ತದೆ.

ಮೊದಲು ಸಂತೆಯ ಚೀಲ

ನಾಲ್ವರ ಮನೆಗೆ ದಿನಕ್ಕೆ 1.6 ಕಿಲೋ ತರಕಾರಿ, 400 ಗ್ರಾಂ ಹಣ್ಣು ತಟ್ಟೆಗೆ ಬೀಳಬೇಕು. ಸಿಪ್ಪೆ, ಬೀಜ, ಬಾಡಿದ ಎಲೆಯೆಲ್ಲ ಕಳೆಯಬೇಕಾದ್ದರಿಂದ ವಾರಕ್ಕೆ 13-14 ಕಿಲೋ ತರಕಾರಿ, ಸುಮಾರು 4 ಕಿಲೋ ಹಣ್ಣು ತರಬೇಕಾಗುತ್ತದೆ. ಸಣ್ಣ ಮಕ್ಕಳಿದ್ದರೆ ಇದಕ್ಕಿಂತ ಕಡಿಮೆ ಸಾಕು. ಒಂದೇ ಸಲಕ್ಕೆ ಇಷ್ಟನ್ನೂ ಹೊತ್ತು ತಂದರೆ ನಾಲ್ಕೈದು ದಿನದ ಹೊತ್ತಿಗೆ ಹರಿವೆ ಕೊಳೆತು, ಒಂದು ಪಾಲು ತಿಪ್ಪೆಗೆ ಹೋಗುತ್ತದೆ. ಹರಿವೆ, ಬಸಳೆ, ನುಗ್ಗೆಸೊಪ್ಪು ಮೊದಲ ಎರಡು ದಿನಕ್ಕೆ. ಬೆಂಡೆ, ಅಲಸಂಡೆ, ತೊಂಡೆ, ಹೀರೆ ನಡುವಿನ ದಿನಗಳಿಗೆ. ಕ್ಯಾಬೇಜ್, ಮಂಗಳೂರು ಸೌತೆ, ಕುಂಬಳ ವಾರದ ಕೊನೆಗೆ. ಸೊಪ್ಪನ್ನು ತೊಳೆಯದೆ, ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ತೊಳೆದಿಟ್ಟ ಒದ್ದೆ ಸೊಪ್ಪು ಬೇಗ ಲೋಳೆಯಾಗುತ್ತದೆ.

ಮಳೆಗಾಲದಲ್ಲಿ ಘಟ್ಟದ ಮೇಲಿನಿಂದ ಬರುವ ತರಕಾರಿಯ ಬೆಲೆ ಏರುವಾಗ ಹಿತ್ತಿಲೇ ಅಂಗಡಿ. ತುಳುವರ ಆಟಿ ತಿಂಗಳ ತಜಂಕ್ (ತಗಟೆ ಸೊಪ್ಪು), ಕೆಸುವಿನೆಲೆ, ತಿಮರೆ ದುಡ್ಡಿಲ್ಲದೆ ಸಿಗುತ್ತವೆ. ಕೆಸುವಿನೆಲೆಗೆ ಹುಣಸೆಹುಳಿ ಸಾಲದಿದ್ದರೆ, ಬೇಯುವುದು ಕಡಿಮೆಯಾದರೆ, ಅದರ ಆಕ್ಸಲೇಟ್ ಹರಳುಗಳು ಗಂಟಲು ಕೆರೆಸುತ್ತವೆ. ಕಣಿಲೆಯನ್ನು (ಎಳೆ ಬಿದಿರು) ಹೆಚ್ಚಿ ಎರಡು-ಮೂರು ದಿನ ದಿನಾ ನೀರು ಬದಲಿಸಿ ನೆನೆಹಾಕುವ ಹಿರಿಯರ ಕ್ರಮವನ್ನು ಮೊಟಕು ಮಾಡಬೇಡಿ, ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಬೇಸಗೆಯಲ್ಲಿ ಬೆಳೆದ ಮಂಗಳೂರು ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕುತ್ತಿದ್ದುದು ಇದೇ ಮಳೆಗಾಲಕ್ಕಾಗಿ. ಒಂದಕ್ಕೊಂದು ತಾಗದೆ, ಗಾಳಿ ಆಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ತೊಳೆಯುವುದು

ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸಿ ವಿಟಮಿನ್, ಫೋಲೇಟ್ ನೀರಿಗೆ ಹೋಗುತ್ತವೆ. ಬೆಂಡೆ, ಸೌತೆ, ಹಣ್ಣುಗಳನ್ನು ಹರಿಯುವ ನೀರಿನಡಿ ಅರ್ಧ ನಿಮಿಷ ಕೈಯಿಂದ ಉಜ್ಜಿದರೆ ಸಾಕು. ಸಿಪ್ಪೆಸಹಿತ ತಿನ್ನುವ ಸೇಬಿನಂಥ ಹಣ್ಣನ್ನು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ ಇಟ್ಟು ತೊಳೆದರೆ ಮೇಲಿನ ಕೀಟನಾಶಕ ಇನ್ನಷ್ಟು ಹೋಗುತ್ತದೆ. ಒಳಕ್ಕೆ ಇಳಿದದ್ದು ಯಾವ ತೊಳೆಯುವಿಕೆಗೂ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸಾಬೂನು ಬೇಡವೇ ಬೇಡ.

ಪಲ್ಯವೇ ಆಧಾರ

ಪ್ರಮಾಣದ ಹೆಚ್ಚಿನ ಪಾಲು ತುಂಬಿಸುವುದು ಪಲ್ಯದಿಂದ. ಉಳಿದದ್ದು ಸಾರು, ಕೊದ್ದೆಲು, ತಂಬುಳಿಯಿಂದ. ಒಬ್ಬರಿಗೆ ಮಧ್ಯಾಹ್ನ 150 ಗ್ರಾಂ ಹಸಿ ತರಕಾರಿಯ ಪಲ್ಯ, ರಾತ್ರಿ ಮತ್ತೆ 100 ಗ್ರಾಂ ಎಂದುಕೊಳ್ಳಿ. ಮಧ್ಯಾಹ್ನ ನಾಲ್ವರಿಗೆ 600 ಗ್ರಾಂ ಅಲಸಂಡೆ, ಎರಡು ಟೀ ಚಮಚ ತೆಂಗಿನೆಣ್ಣೆ, ಮೂರು ದೊಡ್ಡ ಚಮಚ ಕಾಯಿತುರಿ ಸಾಕು. ಒಗ್ಗರಣೆಗೆ ಅಲಸಂಡೆ ಹಾಕಿ, ನಾಲ್ಕೈದು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ. ಪಾತ್ರೆ ತುಂಬ ನೀರಿಟ್ಟು ಬೇಯಿಸಿ ಬಸಿದು ಚೆಲ್ಲುವುದು ದೊಡ್ಡ ತಪ್ಪು. ಬಸಿಯಲೇಬೇಕಾದರೆ ಆ ನೀರು ಸಾರಿಗೆ ಹೋಗಲಿ. ಕಾಯಿಯನ್ನು ಪೂರ್ತಿ ಬಿಡುವುದೂ ಬೇಡ. ಸೊಪ್ಪು, ಕುಂಬಳ, ಕ್ಯಾರೆಟ್ಟಿನ ಕ್ಯಾರೋಟಿನ್ ಒಂದಿಷ್ಟು ಕೊಬ್ಬಿನ ಜೊತೆಗಿದ್ದರೆ ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತದೆ. ಟೊಮೆಟೊದ ಲೈಕೋಪೀನ್ ಎಂಬ ಕೆಂಪು ಬಣ್ಣದ ಸತ್ವ ಕೂಡ ಹಸಿಯಾಗಿ ತಿಂದದ್ದಕ್ಕಿಂತ ಎಣ್ಣೆಯಲ್ಲಿ ಬೇಯಿಸಿದಾಗ ಹೆಚ್ಚು ದಕ್ಕುತ್ತದೆ.

ಕ್ಯಾಬೇಜ್, ನವಿಲುಕೋಸು, ಮೂಲಂಗಿಯ ವಿಷಯ ಬೇರೆ. ಇವುಗಳಲ್ಲಿರುವ ಗ್ಲುಕೋಸಿನೋಲೇಟ್ ಎಂಬ ವಸ್ತು ಉಪಯೋಗಕ್ಕೆ ಬರಬೇಕಾದರೆ ಅದೇ ತರಕಾರಿಯ ಮೈರೋಸಿನೇಸ್ ಎಂಬ ಕಿಣ್ವ ಅದನ್ನು ಒಡೆಯಬೇಕು. ಹೆಚ್ಚಿದಾಗ ಎರಡೂ ಬೆರೆಯುತ್ತವೆ, ಬಿಸಿಗೆ ಕಿಣ್ವ ಸಾಯುತ್ತದೆ. ಆದ್ದರಿಂದ ಕ್ಯಾಬೇಜನ್ನು ಸಣ್ಣಗೆ ಹೆಚ್ಚಿ ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಒಲೆಗೇರಿಸಿ. ಹಸಿ ಸಾಸಿವೆಯಲ್ಲೂ ಅದೇ ಕಿಣ್ವವಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಿಂದ ಈ ಪ್ರಯೋಜನವಿಲ್ಲ. ಕಾಯಿಯ ಜೊತೆ ಅರ್ಧ ಚಮಚ ಹಸಿ ಸಾಸಿವೆ ತರಿತರಿಯಾಗಿ ಅರೆದು, ಪಲ್ಯ ಇಳಿಸಿ ಬಿಸಿ ತಗ್ಗಿದ ಮೇಲೆ ಬೆರೆಸಿ. ಕರಾವಳಿಯ ಕಾಯಿ-ಸಾಸಿವೆಯ ಅರಪ್ಪು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅರಪ್ಪು ಹಾಕಿದ ಮೇಲೆ ಕುದಿಸಬಾರದು, ಅಷ್ಟೆ. ಬೆಳ್ಳುಳ್ಳಿಯನ್ನೂ ಜಜ್ಜಿ ಹತ್ತು ನಿಮಿಷ ಬಿಟ್ಟು ಎಣ್ಣೆಗೆ ಹಾಕುವುದು ಇದೇ ತರ್ಕದಿಂದ.

ಬೆಳಗಿನ ನೀರುದೋಸೆಗೆ ಬೆಲ್ಲ-ಕಾಯಿಯ ಬದಲು ತಿಮರೆ ಚಟ್ನಿ ಬಂದರೂ ಅದು ಇಪ್ಪತ್ತು-ಮೂವತ್ತು ಗ್ರಾಂ ಮೀರುವುದಿಲ್ಲ. ಪಕ್ಕದಲ್ಲಿ ಒಂದು ಹೋಳು ಪಪ್ಪಾಯಿ ಇರಲಿ. ಎರಡು ಕದಳಿ ಬಾಳೆಹಣ್ಣು, ಇಲ್ಲವೇ ಮಧ್ಯಮ ಗಾತ್ರದ ಒಂದು ಪೇರಳೆ ತಿಂದರೆ ದಿನದ ಹಣ್ಣು ಹೆಚ್ಚುಕಡಿಮೆ ಮುಗಿಯಿತು. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಪುನರ್ಪುಳಿ (ಕೋಕಂ) ಶರಬತ್ತಿಗೂ ಇದೇ ಮಾತು, ಅದರ ಬಣ್ಣ ಎಷ್ಟೇ ಚೆಂದವಿರಲಿ. ಅನ್ನಕ್ಕೆ ಬೆಳ್ತಿಗೆ (ಬಿಳಿ) ಅಕ್ಕಿಯ ಬದಲು ಕೆಂಪು ಕುಚ್ಚಲಕ್ಕಿ ಬಳಸಿದರೆ ನಾರು ಅಲ್ಲಿಂದಲೂ ಸ್ವಲ್ಪ ಸಿಗುತ್ತದೆ. ಮೀನಿನ ದಿನ ಉಪಾಯ ಸರಳ: ಮೀನು ಸಾರಿಗೆ ಮೊದಲು ಪಲ್ಯದ ಬಾಣಲೆ ಒಲೆಗೇರಬೇಕು. ಕೊನೆಗೆ ಮಾಡೋಣ ಎಂದರೆ ಆಗುವುದಿಲ್ಲ.

ಉಪ್ಪಿನಕಾಯಿ, ಉಪ್ಪಡ್ ಪಚ್ಚಿಲ್ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ. ಉಪ್ಪಿನಲ್ಲಿ ಕೆಡದಂತೆ ಇಟ್ಟ ಆಹಾರ ಹೆಚ್ಚಾದರೆ ಜಠರದ ಕ್ಯಾನ್ಸರಿನ ಅಪಾಯ ಏರುತ್ತದೆ. ಇಡೀ ದಿನಕ್ಕೆ ತಲಾ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಮುಗಿಯಬೇಕು.

ಮುಳ್ಳು ರಾಮಫಲ ಮತ್ತು ಇತರ ಎಡವಟ್ಟುಗಳು

ಲಕ್ಷ್ಮಣಫಲ, ಹನುಮಫಲ ಎಂದೂ ಕರೆಯುವ ಮುಳ್ಳು ರಾಮಫಲ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ವರ್ಷಗಳಾದರೂ ಮುಪ್ಪು ಬಂದಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಕೊಂದದ್ದು ಮನುಷ್ಯರಲ್ಲಿ ರೋಗ ವಾಸಿಮಾಡಿದ ಪುರಾವೆಯಾಗುವುದಿಲ್ಲ. ಈ ಹಣ್ಣು, ಎಲೆಯಲ್ಲಿರುವ ಅನೋನಾಸಿನ್ ನರಗಳಿಗೆ ವಿಷ. ಕೆರೀಬಿಯನ್ ದ್ವೀಪವಾದ ಗ್ವಾಡೆಲೂಪಿನಲ್ಲಿ ಇದರ ಅತಿ ಸೇವನೆಗೂ ಪಾರ್ಕಿನ್ಸನ್ನನ್ನು ಹೋಲುವ ಕಾಯಿಲೆಗೂ ನಂಟು ಕಂಡುಬಂದಿದೆ. ಅಪರೂಪಕ್ಕೆ ಒಂದೆರಡು ತೊಳೆ ಹಣ್ಣಾಗಿ ತಿನ್ನಿ. ಎಲೆಯ ಕಷಾಯವನ್ನು ದಿನಾ ಕುಡಿಯಬೇಡಿ, ಅದನ್ನು ನಂಬಿ ಚಿಕಿತ್ಸೆಯನ್ನಂತೂ ಮುಂದೂಡಲೇಬೇಡಿ.

ಬಿಂಬುಳಿ, ದಾರೆಹುಳಿಯ (ಸ್ಟಾರ್ ಫ್ರೂಟ್) ರಸವನ್ನು ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಸಾರಿಗೆ ಹುಳಿಯಾಗಿ ಹಾಕುವ ಒಂದೆರಡು ಕಾಯಿಗೆ ಆರೋಗ್ಯವಂತರು ಅಂಜಬೇಕಿಲ್ಲ, ಮೂತ್ರಪಿಂಡದ ತೊಂದರೆ ಇರುವವರಿಗೆ ದಾರೆಹುಳಿ ಒಂದು ಹೋಳೂ ಬೇಡ. ಸೋರೆಕಾಯಿಯನ್ನು ಚೂರು ಕಚ್ಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಎಂದು ಮಾಡಬಾರದು. ಸೊಪ್ಪಿನ ಕೆ ವಿಟಮಿನ್ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ, ಪ್ರಮಾಣ ದಿನವೂ ಹೆಚ್ಚುಕಡಿಮೆ ಒಂದೇ ಇರಲಿ. ಕೀಮೋಥೆರಪಿ ನಡೆಯುತ್ತಿದ್ದು ಬಿಳಿ ರಕ್ತಕಣಗಳು ಇಳಿದಿರುವವರಿಗೆ ಹಸಿ ಕೋಸಂಬರಿ, ತಿಮರೆ ಚಟ್ನಿಯಿಂದ ಸೋಂಕು ತಗಲಬಹುದು. ಅವರ ತಟ್ಟೆಗೆ ಬೇಯಿಸಿದ ತರಕಾರಿ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣಿನಂಥದ್ದು, ಅದೂ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿಕೊಂಡು. ದಿಢೀರನೆ ಅರ್ಧ ಕಿಲೋಗೆ ಏರಿದರೆ ಯಾರಿಗಾದರೂ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ 50-75 ಗ್ರಾಂನಂತೆ ಏರಿಸುತ್ತಾ, ನೀರನ್ನೂ ಹೆಚ್ಚು ಕುಡಿಯುತ್ತಾ ಹೋದರೆ ಒಂದೂವರೆ-ಎರಡು ತಿಂಗಳಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ.