ಡಿಕ್ಕಿಯ ಮ್ಯಾಟಿನಡಿ ಸಿಕ್ಕಿದ ತಾಮ್ರದ ಕಡಗ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಅಡಿಕೆ ತೋಟದ ಮನೆಯಿಂದ ನಾನು 1991ರ ಪ್ರೀಮಿಯರ್ ಪದ್ಮಿನಿ ಕಾರು ತಂದೆ. ಕೆಎಲ್ 14 ನಂಬರು. ಇಂಜಿನ್ ಜಾಸ್ತಿ ಕಾಡಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಪಾಯಿಂಟ್ ಸೆಟ್ ಮಾಡಿದೆ, ಸ್ಟಾರ್ಟ್ ಆಯಿತು. ತೊಂದರೆ ಇದ್ದದ್ದು ಬಾಡಿಯಲ್ಲಿ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ತಳಕ್ಕೆ ತುಕ್ಕು ಹಿಡಿದರೆ ಸುಮ್ನೆ ಬಿಡುವ ಹಾಗಿಲ್ಲ.

ಡಿಕ್ಕಿಯ ರಬ್ಬರ್ ಮ್ಯಾಟ್ ತಳಕ್ಕೆ ಅಂಟಿಕೊಂಡಿತ್ತು. ಎಳೆದು ತೆಗೆದಾಗ ಅದರ ಜೊತೆ ಏನೋ ಎದ್ದು ಬಂತು. ಅರ್ಧ ಕಡಗದ ಆಕಾರ, ಬೆರಳಿನಷ್ಟು ಅಗಲ. ಮೇಲೆ ಹಸಿರು ಹಿಡಿದಿತ್ತು. ಉಗುರಿನಲ್ಲಿ ಕೆರೆದರೆ ಒಳಗೆ ಕೆಂಪು ಹೊಳಪು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ತುದಿ ಮುರಿಯಿತು. ಅದು ಎದ್ದು ಬಂದ ಜಾಗದಲ್ಲಿ ತಳ ಜರಡಿಯಂತೆ ತೂತು ತೂತು.

ನನಗೆ ಟಿಂಕರಿಂಗ್ ಕಲಿಸಿದ ಇಚ್ಚನಿಗೆ ತೋರಿಸಿದೆ. ನಲವತ್ತು ವರ್ಷದ ಕೈ ಅವರದ್ದು. ತಿರುಗಿಸಿ ಮುರುಗಿಸಿ ನೋಡಿದರು. "ಭಟ್ರೇ, ಪದ್ಮಿನಿಯಲ್ಲಿ ಇಂಥ ಪಾರ್ಟೇ ಇಲ್ಲ. ಪೂಜೆಯ ಯಂತ್ರದ ತಗಡೋ ಏನೋ, ಕಾರು ಕೊಟ್ಟವರ ಮನೆಯಲ್ಲಿ ಒಮ್ಮೆ ಕೇಳಿಬಿಡಿ" ಅಂದರು. ಫೋನ್ ಮಾಡಿದೆ. ಕಡಗವೂ ಇಲ್ಲ, ಯಂತ್ರವೂ ಇಲ್ಲ ಅಂದರು ಮನೆಯವರು. ಅದನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟು ಬೇರೆ ಕೆಲಸ ಹಿಡಿದೆ.

ಮಳೆಗಾಲದ ಮೊದಲು ನಮ್ಮ ತೋಟಕ್ಕೆ ಮದ್ದು ಬಿಡುವ ದಿನ ಬಂತು. ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಪ್ಪ ಯಾವಾಗಲೂ ಮಾಡುವ ಹಾಗೆ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಕತ್ತಿಯ ಬಾಯಿ ಕೆಂಪಾಗಿತ್ತು. "ಸುಣ್ಣ ಸಾಲದು" ಅಂದರು. ಸುಣ್ಣ ಕಡಿಮೆಯಾದರೆ ಉಳಿದ ತಾಮ್ರ ಕತ್ತಿಯ ಮೇಲೆ ಕೂರುತ್ತದೆ. ಅಡಿಕೆ ಬೆಳೆಯುವ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ನಾನೂ ನೂರು ಸಲ ನೋಡಿದ್ದೇ. ಆದರೆ ಆ ದಿನ ಕತ್ತಿಯ ಮೇಲಿನ ಕೆಂಪು ಕಂಡದ್ದೇ ಡಬ್ಬಿ ನೆನಪಾಯಿತು.

ಮತ್ತೆ ಫೋನ್ ಮಾಡಿದೆ. ಈ ಸಲ ಕೇಳಿದ್ದು ಡಿಕ್ಕಿಯಲ್ಲಿ ಏನೇನು ತರುತ್ತಿದ್ದಿರಿ ಅಂತ. ದಿನಾ ಡೈರಿಗೆ ಹಾಲಿನ ಕ್ಯಾನ್. ವರ್ಷಕ್ಕೆರಡು ಸಲ ಸೊಸೈಟಿಯಿಂದ ಮೈಲುತುತ್ತು. ಒಮ್ಮೆ ಚೀಲ ಒಡೆದು ಚೆಲ್ಲಿದ್ದೂ ಅವರಿಗೆ ನೆನಪಿತ್ತು.

ಅಲ್ಲಿಗೆ ಎಲ್ಲ ಕೂಡಿ ಬಂತು. ಕ್ಯಾನಿನ ಅಡಿ ಉಜ್ಜಿ ಉಜ್ಜಿ ಪೇಂಟ್ ದುಂಡಗೆ ಎದ್ದು ಹೋಗಿತ್ತು. ಡಿಕ್ಕಿಯ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಹಾಳಾಗಿ ಮಳೆನೀರು ಇಳಿಯುತ್ತಿತ್ತು. ಮ್ಯಾಟಿನಡಿ ಉಳಿದ ಮೈಲುತುತ್ತು ಆ ನೀರಿನಲ್ಲಿ ಕರಗಿತು. ಬರಿ ಕಬ್ಬಿಣ ಸಿಕ್ಕಿದ ಕಡೆ ಕಬ್ಬಿಣ ಕರಗಿ ಹೋಯಿತು, ಅದರ ಜಾಗದಲ್ಲಿ ತಾಮ್ರ ಕೂತಿತು. ಒಂದು ಗ್ರಾಂ ತಾಮ್ರ ಕೂರಬೇಕಾದರೆ ಸುಮಾರು 0.88 ಗ್ರಾಂ ಕಬ್ಬಿಣ ಹೋಗಲೇಬೇಕು. ಅಷ್ಟಕ್ಕೇ ಮುಗಿಯುವುದೂ ಇಲ್ಲ. ತಾಮ್ರ ತಾಗಿಕೊಂಡ ಕಬ್ಬಿಣ ಒದ್ದೆಯಾದರೆ ಬೇರೆ ಕಡೆಗಿಂತ ಬೇಗ ತುಕ್ಕು ಹಿಡಿಯುತ್ತದೆ.

ಇದು ಗೊತ್ತಾದ ಮೇಲೆ ರಿಪೇರಿಯ ಕ್ರಮವನ್ನೇ ಬದಲಿಸಿದೆ. ಮೊದಲಿನ ಲೆಕ್ಕದಲ್ಲಿ ತೂತಿನ ಮೇಲೆ ಪ್ಯಾಚ್ ಇಟ್ಟು ವೆಲ್ಡ್ ಮಾಡುವುದಿತ್ತು. ಹಾಗೆ ಮಾಡಿದ್ದರೆ ಮೈಲುತುತ್ತಿನ ಉಪ್ಪು ಒಳಗೇ ಉಳಿದು ಹೊಸ ತಗಡನ್ನೂ ತಿನ್ನುತ್ತಿತ್ತು. ತಾಮ್ರ ಬೆರೆತ ಕಡೆ ವೆಲ್ಡಿಂಗ್ ಬಿರುಕು ಬಿಡುವ ಭಯ ಬೇರೆ. ಅದಕ್ಕೆ ಗ್ರೈಂಡರಿನಲ್ಲಿ ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿದೆ. ಅಂಗೈಯಷ್ಟು ಅಂದುಕೊಂಡದ್ದು ಮೊರದಷ್ಟಾಯಿತು. ಮೂಲೆ, ಮಡಿಕೆಗಳಿಗೆಲ್ಲ ಸುಣ್ಣದ ತಿಳಿನೀರು ಹಾಕಿ ಬ್ರಷ್‌ನಿಂದ ಉಜ್ಜಿದೆ. ಆಮೇಲೆ ಬರೇ ನೀರು.

ಉಪ್ಪು ಪೂರ್ತಿ ಹೋಯಿತಾ ಅಂತ ತಿಳಿಯಲು ಅಪ್ಪನ ಕತ್ತಿಯೇ ಬೇಕಾಯಿತು. ಮೂಲೆಗಳನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ ಗ್ಲಾಸಿಗೆ ಹಿಂಡಿದೆ, ಮಸೆದ ಕತ್ತಿಯ ತುದಿ ಅದ್ದಿಟ್ಟೆ. ಮೊದಲ ಸಲ ತೆಳುವಾಗಿ ಕೆಂಪಾಯಿತು. ಮತ್ತೆ ಸುಣ್ಣದ ನೀರು, ಮತ್ತೆ ತೊಳೆದದ್ದು. ಮೂರನೇ ಸಲ ಕತ್ತಿ ಬೆಳ್ಳಗೇ ಉಳಿಯಿತು. ಆಗ ನನಗಾದ ಸಂತೋಷ ಇಂಜಿನ್ ಸ್ಟಾರ್ಟ್ ಆದಾಗಲೂ ಆಗಿರಲಿಲ್ಲ.

ಎರಡು ದಿನ ಬಿಸಿಲಿಗೆ ಒಣಗಿಸಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟ ಮೇಲೆ ಇಚ್ಚ ಬಂದು 18 ಗೇಜ್ ತಗಡು ವೆಲ್ಡ್ ಮಾಡಿಕೊಟ್ಟರು. ರೆಡ್ ಆಕ್ಸೈಡ್ ಎರಡು ಕೋಟ್, ಪೇಂಟ್, ಡಿಕ್ಕಿಗೆ ಹೊಸ ಬೀಡಿಂಗ್. ಮ್ಯಾಟ್ ಮಾತ್ರ ಅಂಟಿಸಲಿಲ್ಲ. ತಿಂಗಳಿಗೊಮ್ಮೆ ಎತ್ತಿ ನೋಡುತ್ತೇನೆ. ಈ ವರ್ಷದ ಮೈಲುತುತ್ತನ್ನು ಅದೇ ಕಾರಿನಲ್ಲಿ ತಂದೆವು, ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟಿನಲ್ಲಿ.