ರೋಡ್ ಟ್ಯಾಕ್ಸ್ ದುಡ್ಡು ರಸ್ತೆಗೇ ಹೋಗುತ್ತಾ? ಹೊರದೇಶದಲ್ಲಿ ಕಾರು ಇಟ್ಟುಕೊಳ್ಳುವವರಿಗೆ

ಬೆಂಗಳೂರಲ್ಲಿ ಹೊಸ ಕಾರು ಕೊಂಡಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದರೆ ಮುಗಿಯಿತು, ಆಮೇಲೆ ಹೈವೇಗೆ ಫಾಸ್ಟ್ಯಾಗ್. ಇದೇ ಲೆಕ್ಕ ಇಟ್ಟುಕೊಂಡು ಬ್ರಿಟನ್ನಿಗೆ ಹೋದರೆ ಮೊದಲ ಸೆಕೆಂಡ್ ಹ್ಯಾಂಡ್ ಕಾರಿಗೇ ದಂಡ ಬೀಳಬಹುದು.

ಅಲ್ಲಿ ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಮಾರಿದ್ದನ್ನು ಹಳೇ ಮಾಲೀಕರು ಡಿವಿಎಲ್‌ಎಗೆ (ಅಲ್ಲಿನ ಆರ್‌ಟಿಒ ಇದ್ದಂತೆ) ತಿಳಿಸಿದ ಕೂಡಲೇ ಅವರು ಕಟ್ಟಿದ್ದು ರದ್ದು. ಉಳಿದ ಪೂರ್ತಿ ತಿಂಗಳುಗಳ ಹಣ ಅವರಿಗೇ ವಾಪಸ್. ನೀವು ಹಳೇ ಮಾಲೀಕರು ಕೊಡುವ, ರಿಜಿಸ್ಟ್ರೇಷನ್ ಪತ್ರದ ಹಸಿರು ಚೀಟಿಯ 12 ಅಂಕಿ ನಂಬರ್ ಹಾಕಿ, ಗಾಡಿ ಓಡಿಸುವ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಬೇಕು. ತಿಂಗಳ ಕೊನೆಯಲ್ಲಿ ಕೊಂಡರೂ ಲೆಕ್ಕ 1ನೇ ತಾರೀಖಿನಿಂದ. ಹಾಗಾಗಿ ಆ ತಿಂಗಳ ತೆರಿಗೆ ಸರ್ಕಾರಕ್ಕೆ ಎರಡು ಸಲ! ಗಾಜಿಗೆ ಅಂಟಿಸುವ ಚೀಟಿ 2014ರಲ್ಲೇ ಹೋಯಿತು. ನಂಬರ್ ಪ್ಲೇಟನ್ನು ಕ್ಯಾಮೆರಾ ಓದುತ್ತದೆ.

ಜನ 'ರೋಡ್ ಟ್ಯಾಕ್ಸ್' ಅಂದರೂ 1937ರಿಂದ ಅದಕ್ಕೂ ರಸ್ತೆ ಖರ್ಚಿಗೂ ನೇರ ಸಂಬಂಧವಿಲ್ಲ, ಹಣ ಬೊಕ್ಕಸಕ್ಕೆ. ಗುಂಡಿಗೆ ಬಿದ್ದು ಟೈರ್ ಒಡೆದರೆ ರಸ್ತೆ ಯಾರದ್ದು ಅಂತ ನೋಡಿ. ಇಂಗ್ಲೆಂಡಿನ ಮೋಟರ್‌ವೇ, ಮುಖ್ಯ ಎ-ರಸ್ತೆಗಳಾದರೆ ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಕಂಪನಿಯದ್ದು. ಮನೆ ಹತ್ತಿರದ ರಸ್ತೆಗಳು ಸಾಮಾನ್ಯವಾಗಿ ಕೌನ್ಸಿಲ್‌ನವು, ಅಂದರೆ ಸ್ಥಳೀಯ ಆಡಳಿತದವು. ಗುಂಡಿಯ ಫೋಟೋ, ಅಳತೆ, ಸಮಯ, ಗ್ಯಾರೇಜ್ ಬಿಲ್ ಸೇರಿಸಿ ಕ್ಲೇಮ್ ಹಾಕಿ. 'ನಿಯಮಿತವಾಗಿ ತಪಾಸಣೆ ಮಾಡಿದ್ದೇವೆ' ಎಂದು 1980ರ ಹೈವೇಸ್ ಆಕ್ಟ್‌ನ 58ನೇ ಸೆಕ್ಷನ್ ತೋರಿಸಿ ತಿರಸ್ಕರಿಸುವುದುಂಟು. ಆಗ ಮಾಹಿತಿ ಹಕ್ಕಿನಡಿ ಆ ರಸ್ತೆಯ ತಪಾಸಣೆ ದಾಖಲೆ, ಹಿಂದಿನ ದೂರುಗಳನ್ನು ಕೇಳಿ. ನಿಮಗಿಂತ ಮೊದಲೇ ಯಾರೋ ದೂರು ಕೊಟ್ಟಿದ್ದು, ರಸ್ತೆ ನೋಡಿಕೊಳ್ಳುವವರು ತಾವೇ ಹಾಕಿಕೊಂಡ ಗಡುವಿನೊಳಗೆ ಗುಂಡಿ ಮುಚ್ಚಿರದಿದ್ದರೆ ನಿಮ್ಮ ಕೇಸು ಗಟ್ಟಿ.

ಜರ್ಮನಿಯಲ್ಲಿ ವಾಹನ ತೆರಿಗೆ ವಸೂಲಿ ಕಸ್ಟಮ್ಸ್ ಇಲಾಖೆಯದ್ದು. ರಿಜಿಸ್ಟ್ರೇಷನ್‌ಗೆ ಹೋಗುವಾಗಲೇ ಬ್ಯಾಂಕ್ ಖಾತೆಯಿಂದ ನೇರ ಕಡಿತಕ್ಕೆ ಒಪ್ಪಿಗೆ ಬೇಕು. ಆಟೋಬಾನ್‌ನಲ್ಲಿ ಕಾರಿಗೆ ಟೋಲ್ ಇಲ್ಲ, ಲಾರಿಗಿದೆ. ಗಡಿ ದಾಟಿ ಸ್ವಿಸ್ ಹೈವೇಗೆ ಇಳಿಯುವುದಾದರೆ ಮೊದಲೇ 40 ಫ್ರಾಂಕಿನ ವಾರ್ಷಿಕ ವಿನ್ಯೆಟ್ (ಹೈವೇ ಪಾಸ್) ಕೊಳ್ಳಿ; ಒಂದೇ ದಿನದ ಓಡಾಟಕ್ಕೂ ಅಷ್ಟೇ.

ಅಮೆರಿಕದಲ್ಲಿ ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆ ಹೈವೇ ನಿಧಿಗೆ ಹೋಗುತ್ತದೆ. ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಏರಿಲ್ಲ. ಖರ್ಚು ಮಾತ್ರ ಏರಿದೆ. 2008ರಿಂದ ಬೊಕ್ಕಸದಿಂದ ಮತ್ತೆ ಮತ್ತೆ ತುಂಬಿಸುತ್ತಿದ್ದಾರೆ. ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಹಾಕಿಸುವುದಿಲ್ಲವಲ್ಲ, ಅದಕ್ಕೇ ಹಲವು ರಾಜ್ಯಗಳು ರಿಜಿಸ್ಟ್ರೇಷನ್ ಜೊತೆ ವಾರ್ಷಿಕ ಶುಲ್ಕ ಹಾಕುತ್ತವೆ.

'ಯಾವ ದೇಶ ರಸ್ತೆಗೆ ಎಷ್ಟು ಸುರಿಯುತ್ತದೆ' ಎಂಬ ವಾಟ್ಸಾಪ್ ಪಟ್ಟಿ ಬಂದರೆ ಎರಡು ಕಡೆ ಬೆರಳಿಡಿ. ಅಮೆರಿಕದ ರಸ್ತೆಗಳಲ್ಲಿ ಹೆಚ್ಚಿನವು ರಾಜ್ಯ, ಕೌಂಟಿ, ನಗರಗಳವು. ವಾಷಿಂಗ್ಟನ್ನಿನ ಬಜೆಟ್ ಒಂದನ್ನೇ ನೋಡಿದರೆ ಅರ್ಧ ಲೆಕ್ಕ. ಫ್ರಾನ್ಸಿನಲ್ಲಿ ಟೋಲ್ ಇರುವ ಹೆಚ್ಚಿನ ಹೆದ್ದಾರಿಗಳನ್ನು ಖಾಸಗಿ ಕಂಪನಿಗಳು ನಡೆಸುತ್ತವೆ. ಅಲ್ಲಿ ನೀವು ಕೊಡುವ ಟೋಲ್ ಅವರ ಖಾತೆಗೆ ಹೋಗುತ್ತದೆ, ಸರ್ಕಾರದ ಖರ್ಚಿನಲ್ಲಿ ಕಾಣುವುದಿಲ್ಲ.